ಗೈರು ಅಂತ ಬರೆದವರು ಯಾರು? ಒಂದು ಖಜಾಂಚಿ ಕುರ್ಚಿಯ ಹಿಂದಿನ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಕಥೆ ಒಂದು ಕುರ್ಚಿದು. ಸಂಘದ ಖಜಾಂಚಿ ಕುರ್ಚಿ. ಇದ್ರಾಗ ಏನು ಕಥೆ ಐತಿ ಅಂತೀರಾ? ನಾನು ಬಿ.ಕಾಂ. ಓದಿದವನು. ಕ್ಯಾಶ್‌ಬುಕ್ ಅಂದ್ರೆ ಕಿವಿ ನೆಟ್ಟಗಾಗುತ್ತೆ. ಆದರೆ ಈ ಕುರ್ಚಿಯ ಕಥೆ ಶುರು ಮಾಡೋಕೆ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು.

ಡಿಗ್ರಿ ಮುಗಿದ ಮೇಲೆ ಎರಡು ವರ್ಷ ನಾನು ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ಕೆಲಸ ಮಾಡುವ ಒಂದು ಆಫೀಸಿನಲ್ಲಿ ಇದ್ದೆ. ನಮ್ಮ ಕಡೆ ಈ ಕೆಲಸ ಮಾಡೋರದೇ ಒಂದು ಸಣ್ಣ ಸಂಘ ಇತ್ತು. ಹೆಸರು ಬೇಡ. ನಲವತ್ತರ ಹತ್ತಿರ ಸದಸ್ಯರು, ಅದರಲ್ಲಿ ಮೂವರು ಹೆಣ್ಣುಮಕ್ಕಳು. ನನ್ನ ಅಕ್ಷರ ಚೆನ್ನಾಗಿದೆ ಅಂತ ಸಭೆಯ ನಡಾವಳಿ ಬರೆಯೋ ಪುಸ್ತಕ ನನ್ನ ಕೈಗೆ ಬಂತು. ಸಭೆ ಸೇರ್ತಿದ್ದದ್ದು ರಾತ್ರಿ ಏಳೂವರೆಗೆ, ಒಂದು ಲಾಡ್ಜಿನ ಮೇಲಿನ ಹಾಲ್‌ನಲ್ಲಿ. ಮೂರು ಸಭೆಗೂ ಆ ಮೂವರು ಬರಲಿಲ್ಲ. ನಾಲ್ಕನೇ ಸಭೆಯ ನಡಾವಳಿಯಲ್ಲಿ ನಾನೇ ನನ್ನ ಕೈಯಾರೆ ಬರೆದೆ: "ಮಹಿಳಾ ಸದಸ್ಯರು ಗೈರು. ಆಸಕ್ತಿ ತೋರಿರುವುದಿಲ್ಲ."

ಒಂದು ದಿನ ಆ ಮೂವರಲ್ಲಿ ಒಬ್ಬರು ಆಫೀಸಿಗೆ ಬಂದಾಗ ಪುಸ್ತಕ ಅವರ ಕೈಗೆ ಸಿಕ್ತು. ಓದಿದರು. ಸಿಟ್ಟಾಗಲಿಲ್ಲ.

"ತಮ್ಮಾ, ಸಭಿ ಎಷ್ಟಕ್ಕ ಇಟ್ಟಿದ್ರಿ?"

"ಏಳೂವರಿಗಿ, ಅಕ್ಕಾರ."

"ನಮ್ಮೂರಿಗಿ ಕೊನೀ ಬಸ್ಸು ಎಷ್ಟಕ್ಕ ಅದ, ಗೊತ್ತೇನು?"

ಗೊತ್ತಿರಲಿಲ್ಲ. ಕೇಳೇ ಇರಲಿಲ್ಲ.

"ನೀ ಬರ್ದಿದ್ದು ಸುಳ್ಳಲ್ಲ ತಮ್ಮಾ. ಆದ್ರ ಖರೇನೂ ಅಲ್ಲ" ಅಂದು ಪುಸ್ತಕ ಮುಚ್ಚಿಟ್ಟು ಹೋದರು.

ಆ ಮಾತು ನನ್ನನ್ನು ಹಳೇ ಪುಸ್ತಕಗಳ ಕಡೆ ತಳ್ಳಿತು. ವೃತ್ತಿ ಸಂಘ ಅನ್ನೋದು ಯಾರದ್ದು? ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು? ಯಾದಗಿರಿ, ಶಹಾಪುರ, ಸುರಪುರದ ನೆಲದಿಂದಲೇ ನೋಡೋಣ ಬರ್ರಿ.

ಪೆನ್ನು ಯಾರ ಕೈಯಲ್ಲಿತ್ತು

ಮೊದಲು ಸುರಪುರ. 1840ರ ದಶಕ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದಾರೆ. ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮ ಆಡಳಿತ ತನ್ನ ಕೈಯಲ್ಲೇ ಇರಬೇಕು ಅಂತಾಳೆ. ಬ್ರಿಟಿಷರು ಒಪ್ಪೋದಿಲ್ಲ. ಮೆಡೋಸ್ ಟೇಲರ್ ಎಂಬ ಅಧಿಕಾರಿ ಬರ್ತಾನೆ. ಸತ್ತ ರಾಜನ ತಮ್ಮ ಪಿಡ್ಡನಾಯಕನಿಗೆ ರಾಜಪ್ರತಿನಿಧಿಯ ಪಟ್ಟ ಸಿಗುತ್ತೆ. ಸಂಸ್ಥಾನದ ಲೆಕ್ಕಪತ್ರ, ವಸೂಲಿ ಎಲ್ಲವನ್ನೂ ಟೇಲರ್ ಸರಿಪಡಿಸ್ತಾನೆ. 1853ರಲ್ಲಿ ಹುಡುಗ ದೊಡ್ಡವನಾದ ಮೇಲೆ ಅಧಿಕಾರ ಅವನ ಕೈಗೆ ಹೋಗುತ್ತೆ. ಮುಂದೆ 1857-58ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದದ್ದು ನಮಗೆಲ್ಲ ಗೊತ್ತಿರೋ ಕಥೆ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಹತ್ತಿರ ಸೆಲ್ಫಿ ತೆಗೆದುಕೊಂಡವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ! ಟೇಲರ್ ಒಳ್ಳೆ ಆಡಳಿತಗಾರ ಅನ್ನೋದರಲ್ಲಿ ಸಂಶಯ ಇಲ್ಲ. ಆದರೆ ಒಂದು ವಿಷಯ ಗಮನಿಸಿ. ರಾಣಿ ಈಶ್ವರಮ್ಮನ ಬಗ್ಗೆ ಇವತ್ತು ನಾವು ಓದೋದರಲ್ಲಿ ಹೆಚ್ಚಿನದು ಬಂದಿರೋದು ಟೇಲರ್‌ನ ಆತ್ಮಕಥೆಯಿಂದ. ಅದು ಅಚ್ಚಾಗಿದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ಅವಳನ್ನು ಕುರ್ಚಿಯಿಂದ ದೂರ ಇಟ್ಟವನೇ ಅವಳ ಕಥೆಯನ್ನೂ ಬರೆದ. ನಡಾವಳಿ ಪುಸ್ತಕ ಅವನ ಕೈಯಲ್ಲಿತ್ತು. ನನಗೆ ನನ್ನ ಚಂದದ ಅಕ್ಷರ ನೆನಪಾಯಿತು, ನೋಡ್ರಿ.

ಮೊದಲ ಬಾಗಿಲು: ಭಾಷೆ

ಈಗ ವಕೀಲರ ಕಡೆ ಹೋಗೋಣ. ನಮ್ಮಂಥ ಊರಿನಲ್ಲಿ ವೃತ್ತಿಯವರ ಸಂಘ ಅಂದರೆ ಎಲ್ಲರ ಕಣ್ಣಿಗೆ ಮೊದಲು ಬೀಳೋದು ವಕೀಲರ ಸಂಘ. ಕೋರ್ಟ್ ಆವರಣದಲ್ಲೇ ಅವರ ಕೋಣೆ ಇರುತ್ತೆ, ಬೋರ್ಡ್ ಇರುತ್ತೆ, ಚುನಾವಣೆ ಬಂದರೆ ಊರೆಲ್ಲ ಬ್ಯಾನರ್ ಇರುತ್ತೆ.

ನಮ್ಮ ಮೂರೂ ಊರು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದ ಆಡಳಿತ ಭಾಷೆ ಮೊದಲು ಪಾರ್ಸಿ. 1884ರಿಂದ ಅದರ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಆದರೆ ರಾಜ್ಯದಲ್ಲಿ ಹೆಚ್ಚು ಮಂದಿ ಮಾತಾಡ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ವಕೀಲ ಆಗಬೇಕಂದ್ರೆ ಮೊದಲು ಇನ್ನೊಂದು ಭಾಷೆಯ ಬಾಗಿಲು ದಾಟಬೇಕಿತ್ತು. ಆ ಬಾಗಿಲು ದಾಟೋ ಶಕ್ತಿ ಯಾರಿಗಿತ್ತು? ಮಗನನ್ನು ಕಲಬುರಗಿಗೋ ಹೈದರಾಬಾದಿಗೋ ಕಳಿಸಿ ಓದಿಸುವಷ್ಟು ಹೊಲ ಇದ್ದ ಮನೆಗೆ. ಇಲ್ಲಾ ತಲೆಮಾರಿನಿಂದ ಓದು-ಬರಹ ಇದ್ದ ಮನೆಗೆ. ಮಗಳ ಮಾತು ದೂರವೇ ಉಳಿಯಿತು.

ಆ ಕಾಲದ ಗುರುತು ಈಗಲೂ ನಮ್ಮ ಬಾಯಲ್ಲಿದೆ. ವಕೀಲ, ವಕಾಲತ್ತು, ಫಿರ್ಯಾದಿ, ಜಾಮೀನು, ದಸ್ತಾವೇಜು, ಹಾಜರ್, ಗೈರು. ಅಷ್ಟೇ ಯಾಕೆ, ಖಜಾಂಚಿ ಕೂಡ ಆ ದಾರಿಯಲ್ಲೇ ಬಂದ ಪದ. ಕೋರ್ಟಿಗೆ ಹೋದ ಅಜ್ಜಿಗೂ ಈ ಪದಗಳು ಗೊತ್ತು. ಪದಗಳು ಎಲ್ಲರ ಮನೆಗೂ ಬಂದವು. ಕರಿ ಕೋಟು ಎಲ್ಲರ ಮನೆಗೂ ಬರಲಿಲ್ಲ.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ಉರ್ದುವಿನ ಬಾಗಿಲು ಹೋಯ್ತು. ಮೇಲಿನ ಕೋರ್ಟುಗಳಲ್ಲಿ ಇಂಗ್ಲಿಷಿನ ಬಾಗಿಲು ಹಾಗೇ ನಿಂತಿತು. ನಿಮ್ಮ ಅಣ್ಣನೋ ಗೆಳತಿಯೋ ಕನ್ನಡ ಮಾಧ್ಯಮದಲ್ಲಿ ಓದಿ ಎಲ್‌ಎಲ್‌ಬಿಗೆ ಸೇರಿದ್ದರೆ, ಅದರ ಎತ್ತರ ಎಷ್ಟು ಅಂತ ಅವರನ್ನೇ ಕೇಳಿ.

ಎರಡನೇ ಬಾಗಿಲು: "ವ್ಯಕ್ತಿ" ಅಂದ್ರೆ ಯಾರು?

ನಾನು ಓದಿದ್ದರಲ್ಲಿ ನನಗೆ ಭಾಳ ಬೆರಗು ಹುಟ್ಟಿಸಿದ ಭಾಗ ಇದು.

1916. ಕಲ್ಕತ್ತಾ. ರೆಜಿನಾ ಗುಹಾ ಎಂಬ ಯುವತಿ ಎಂ.ಎ. ಮಾಡಿದ್ದಾರೆ, ಕಾನೂನು ಪದವಿಯನ್ನೂ ಪಡೆದಿದ್ದಾರೆ. ವಕೀಲಿ ಮಾಡೋಕೆ ಹೆಸರು ನೋಂದಾಯಿಸಿ ಅಂತ ಅರ್ಜಿ ಹಾಕ್ತಾರೆ. 1879ರ ಕಾಯ್ದೆಯಲ್ಲಿ ಹೆಣ್ಣುಮಕ್ಕಳು ಬರಬಾರದು ಅಂತ ಎಲ್ಲೂ ಬರೆದಿಲ್ಲ. "ವ್ಯಕ್ತಿ" ಅಂತಷ್ಟೇ ಇದೆ. ಕಾಯ್ದೆಗಳಲ್ಲಿ ಪುಲ್ಲಿಂಗ ಬಂದರೆ ಅದರಲ್ಲಿ ಸ್ತ್ರೀಲಿಂಗವೂ ಸೇರುತ್ತೆ ಅಂತ ಇನ್ನೊಂದು ಕಾಯ್ದೆ ಹೇಳುತ್ತೆ. ಹಾಗಾದ್ರೆ ತೊಂದರೆ ಏನು? ಹೈಕೋರ್ಟಿನ ವಿಶೇಷ ಪೀಠ ಅರ್ಜಿ ತಿರಸ್ಕರಿಸಿತು. ಇಲ್ಲಿ ವ್ಯಕ್ತಿ ಅಂದರೆ ಗಂಡಸು ಅಂತಲೇ ಅರ್ಥ ಮಾಡಬೇಕು ಅಂದಿತು. 1921ರಲ್ಲಿ ಪಟ್ನಾ ಹೈಕೋರ್ಟಿನಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ ಸಿಕ್ಕಿತು.

ಆದರೆ ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟ್ ಕಾರ್ನೇಲಿಯಾ ಸೊರಾಬ್ಜಿಯವರ ಹೆಸರು ನೋಂದಾಯಿಸಿತು. ಈಕೆ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಬರೆದದ್ದು 1892ರಲ್ಲಿ. ಆ ವಿಶ್ವವಿದ್ಯಾಲಯ ಆಕೆಗೆ ಪದವಿ ಕೊಟ್ಟದ್ದು 1922ರಲ್ಲಿ. ಮೂವತ್ತು ವರ್ಷ! ಕೊನೆಗೆ 1923ರಲ್ಲಿ ಕಾಯ್ದೆಯೇ ಬಂತು. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ವಕೀಲಿ ನಿರಾಕರಿಸುವಂತಿಲ್ಲ ಅಂತ ಆಯ್ತು. ಅದು ಬ್ರಿಟಿಷ್ ಭಾರತದ ಕಾಯ್ದೆ. ನಮ್ಮೂರು ಆಗ ನಿಜಾಮರದ್ದು. ಸ್ವಾತಂತ್ರ್ಯ ಬಂದ ಮೇಲೆ 1961ರ ವಕೀಲರ ಕಾಯ್ದೆ ಇಡೀ ದೇಶದ ವಕೀಲರಿಗೆ ಒಂದೇ ಚೌಕಟ್ಟು ಹಾಕಿತು.

ಕಾಯ್ದೆ ಬಂತು ಅಂದ ತಕ್ಷಣ ಕುರ್ಚಿ ಬರೋದಿಲ್ಲ. ನಮ್ಮ ಪಕ್ಕದ ಬಳ್ಳಾರಿಯನ್ನೇ ನೋಡಿ. ಮಂಜುಳಾ ಚೆಲ್ಲೂರ್ ಅವರು ಅಲ್ಲಿ ವಕೀಲಿ ಶುರು ಮಾಡಿದ್ದು 1970ರ ದಶಕದ ಕೊನೆಗೆ. ಬಳ್ಳಾರಿಯ ಮೊದಲ ಮಹಿಳಾ ವಕೀಲೆ ಅಂತ ಅವರ ಹೆಸರು ಹೇಳ್ತಾರೆ. 1923ರ ಕಾಯ್ದೆಯಿಂದ ಲೆಕ್ಕ ಹಾಕಿದರೆ ಐವತ್ತು ವರ್ಷಕ್ಕೂ ಹೆಚ್ಚು. ಅವರೇ ಮುಂದೆ 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಆಮೇಲೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯೂ ಆದರು. ರೆಜಿನಾ ಗುಹಾಗೆ "ನೀನು ವ್ಯಕ್ತಿ ಅಲ್ಲ" ಅಂದಿದ್ದ ಕಲ್ಕತ್ತಾ ಹೈಕೋರ್ಟಿನ ಅತಿ ಎತ್ತರದ ಕುರ್ಚಿಯಲ್ಲಿ ಸುಮಾರು ನೂರು ವರ್ಷದ ನಂತರ ಬಳ್ಳಾರಿಯ ಹೆಣ್ಣುಮಗಳು ಕೂತರು.

ನಮ್ಮ ಕಾಮರ್ಸ್ ಕಡೆಯ ಒಂದು ಹೆಸರೂ ಹೇಳಲೇಬೇಕು. ಮದ್ರಾಸಿನ ಆರ್. ಶಿವಭೋಗಂ. 1933ರಲ್ಲಿ ಲೆಕ್ಕಪರಿಶೋಧನೆಯ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ. ಸಿಎ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1949ರಲ್ಲಿ. ಅದರ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಗೆ ಅವರು 1955ರಿಂದ 58ರವರೆಗೆ ಅಧ್ಯಕ್ಷರಾಗಿದ್ದರು. ನಮ್ಮ ಕಲಬುರಗಿ ಶಾಖೆ ಇರೋದೂ ಅದೇ ಮಂಡಳಿಯ ಕೆಳಗೆ. ಅಂದ್ರೆ ಏಳು ದಶಕದ ಹಿಂದೆಯೇ ಒಬ್ಬ ಹೆಣ್ಣುಮಗಳು ಇಡೀ ದಕ್ಷಿಣದ ಸಂಘ ನಡೆಸಿದ್ದಾಳೆ. "ಕಾಲ ಬಂದಾಗ ತಾನೇ ಸರಿ ಹೋಗ್ತದ ಬಿಡ್ರಿ" ಅನ್ನೋರಿಗೆ ನನ್ನ ಉತ್ತರ ಇದೇ. ಕಾಲ 1955ರಲ್ಲೇ ಬಂದಿತ್ತು. ತಾನೇ ಸರಿ ಹೋಗಲಿಲ್ಲ.

ಕುರ್ಚಿಗೆ ಬಂದ ಆದೇಶ

ಈಗ ಇವತ್ತಿಗೆ ಬರೋಣ. 2024ರ ಮೇ 2ರಂದು ಸುಪ್ರೀಂ ಕೋರ್ಟ್ ತನ್ನದೇ ಅಂಗಳದ ವಕೀಲರ ಸಂಘಕ್ಕೆ ಒಂದು ಮಾತು ಹೇಳಿತು. ಕಾರ್ಯಕಾರಿ ಸಮಿತಿಯ ಒಂಬತ್ತು ಸ್ಥಾನದಲ್ಲಿ ಕನಿಷ್ಠ ಮೂರು ಮಹಿಳೆಯರಿಗೆ. ಜೊತೆಗೆ ಪದಾಧಿಕಾರಿಗಳಲ್ಲಿ ಒಂದು ಹುದ್ದೆ ಸರದಿಯ ಮೇಲೆ ಮಹಿಳೆಯರಿಗೆ. ಆ ಸರದಿ ಶುರುವಾಗಿದ್ದು ಖಜಾಂಚಿ ಹುದ್ದೆಯಿಂದ.

2025ರ ಜನವರಿ 24ರಂದು ಅದೇ ಮಾತು ಬೆಂಗಳೂರು ವಕೀಲರ ಸಂಘಕ್ಕೆ ಬಂತು. ಅಲ್ಲೂ ಖಜಾಂಚಿ. ಮಾರ್ಚ್ 24ರಂದು ಕರ್ನಾಟಕದ ಎಲ್ಲ ಜಿಲ್ಲಾ ವಕೀಲರ ಸಂಘಗಳಿಗೂ ಆದೇಶ ಬಂತು. ಖಜಾಂಚಿ ಹುದ್ದೆ ಮಹಿಳೆಗೆ, ಒಟ್ಟು ಸ್ಥಾನಗಳಲ್ಲಿ ಶೇ. 30 ಮಹಿಳೆಯರಿಗೆ. ಅರ್ಜಿ ಹಾಕಿದ್ದು ದೀಕ್ಷಾ ಅಮೃತೇಶ್ ಎಂಬ ವಕೀಲೆ. ಒಬ್ಬ ವಕೀಲೆ ಬಾಗಿಲು ತಟ್ಟಿದ್ದಕ್ಕೆ ಬೀದರಿನಿಂದ ಚಾಮರಾಜನಗರದವರೆಗೆ, ನಮ್ಮ ಯಾದಗಿರಿ ಸೇರಿ, ಸದ್ದು ಕೇಳಿಸಿತು.

ಖಜಾಂಚಿಯೇ ಯಾಕೆ? ಕೆಲವರು ನಗ್ತಾರೆ, ಮನೆಯಲ್ಲೂ ಡಬ್ಬಿ ದುಡ್ಡು ಎಣಿಸೋದು ಹೆಣ್ಣುಮಕ್ಕಳೇ, ಸಂಘದಲ್ಲೂ ಅದೇ ಅಂತ. ಈ ನಗೆಯಲ್ಲಿ ಒಂದು ನಿಜ ಇದೆ. ಸರದಿ ಮುಂದೆ ಹೋಗದಿದ್ದರೆ ಖಜಾಂಚಿ ಕುರ್ಚಿ ಅನ್ನೋದು "ಲೇಡೀಸ್ ಸೀಟ್" ಆಗಿಬಿಡುತ್ತೆ, ಅಧ್ಯಕ್ಷ ಕಾರ್ಯದರ್ಶಿ ಕುರ್ಚಿಗಳು ಹಳೇ ಕೈಯಲ್ಲೇ ಉಳೀತಾವೆ.

ಆದರೆ ಒಬ್ಬ ಬಿ.ಕಾಂ. ಹುಡುಗ ಹೇಳ್ತೀನಿ ಕೇಳಿ, ಖಜಾಂಚಿ ಸಣ್ಣ ಹುದ್ದೆ ಅಲ್ಲ. ಪ್ರತಿ ಬಿಲ್ಲು ಅವರ ಕಣ್ಣ ಮುಂದೆ ಹೋಗುತ್ತೆ. ಚೆಕ್ಕಿಗೆ ಸಹಿ ಬೇಕು. ಸದಸ್ಯತ್ವದ ಶುಲ್ಕ ಯಾರು ಕಟ್ಟಿದ್ದಾರೆ, ಯಾರು ಕಟ್ಟಿಲ್ಲ ಅನ್ನೋ ಪಟ್ಟಿ ಅವರ ಬಳಿ. ಎಷ್ಟೋ ಸಂಘಗಳಲ್ಲಿ ವೋಟು ಹಾಕೋ ಹಕ್ಕು ತೀರ್ಮಾನ ಆಗೋದು ಆ ಪಟ್ಟಿಯಿಂದಲೇ. ದುಡ್ಡು ಯಾವುದಕ್ಕೆ ಹೋಯ್ತು? ಸನ್ಮಾನದ ಶಾಲು-ಹಾರಕ್ಕೋ, ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಗೋ? ಬ್ಯಾಲೆನ್ಸ್ ಶೀಟ್ ಒಂದು ಸಂಘದ ಮನಸ್ಸನ್ನು ಭಾಷಣಕ್ಕಿಂತ ಚೆನ್ನಾಗಿ ತೋರಿಸುತ್ತೆ.

ಮೂರನೇ ಬಾಗಿಲು: ಮೊದಲ ಐದು ವರ್ಷದ ಹಸಿವು

ಬಾಗಿಲು ಹೆಣ್ಣು-ಗಂಡಿಗಷ್ಟೇ ಸಂಬಂಧಿಸಿದ್ದಲ್ಲ. ಜಾತಿ ಮತ್ತು ದುಡ್ಡು ಒಂದೇ ಬಾಗಿಲಿನ ಎರಡು ಪಡಿ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52. ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದ್ದು ಸುಮಾರು ಶೇ. 41. ಇಂಥ ಜಿಲ್ಲೆಯ ಒಂದು ತಾಂಡಾದಿಂದಲೋ ಕೇರಿಯಿಂದಲೋ ಒಬ್ಬರು ಎಲ್‌ಎಲ್‌ಬಿ ಮುಗಿಸಿದ್ದಾರೆ ಅಂದ್ರೆ ಅವರು ಎಷ್ಟು ದೂರ ನಡೆದು ಬಂದಿದ್ದಾರೆ ಅಂತ ಲೆಕ್ಕ ಹಾಕಿ. ಅಲ್ಲಿಗೂ ಮುಗೀಲಿಲ್ಲ. ಸನ್ನದು ಪಡೆಯೋಕೆ ಬಾರ್ ಕೌನ್ಸಿಲಿಗೆ ಶುಲ್ಕ ಕಟ್ಟಬೇಕು. ಕಾಯ್ದೆಯಲ್ಲಿ ಬರೆದಿರೋದು ಒಟ್ಟು 750 ರೂಪಾಯಿ, ಎಸ್‌ಸಿ-ಎಸ್‌ಟಿಯವರಿಗೆ 125. ಆದರೆ ದೇಶದ ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ 15 ಸಾವಿರದಿಂದ 42 ಸಾವಿರದವರೆಗೆ ವಸೂಲಾಗ್ತಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಬಡವರ ಮಕ್ಕಳನ್ನು, ದಲಿತ-ಆದಿವಾಸಿ ಮಕ್ಕಳನ್ನು ಈ ಶುಲ್ಕ ಹೊರಗಿಡುತ್ತೆ ಅನ್ನೋದು ಆ ತೀರ್ಪಿನ ತಿರುಳು.

ಆಮೇಲೆ ಜೂನಿಯರ್ ಆಗಿ ಸೀನಿಯರ್ ಆಫೀಸಿನಲ್ಲಿ ಫೈಲ್ ಹೊರೋ ವರ್ಷಗಳು. ಕೈಗೆ ಸಿಗೋದು ಬಸ್ ಚಾರ್ಜಿಗೂ ಸಾಲದಷ್ಟು. ಅಪ್ಪ ವಕೀಲರಾಗಿದ್ದರೆ ಆಫೀಸು, ಪುಸ್ತಕ, ಕಕ್ಷಿದಾರ ಎಲ್ಲ ತಯಾರು. ಇಲ್ಲದವರು ಆ ವರ್ಷಗಳನ್ನು ಹೆಂಗ ಕಳೀಬೇಕು? ಎಸ್‌ಸಿ-ಎಸ್‌ಟಿ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ತರಬೇತಿ ಭತ್ಯೆ ಇದೆ. ಅದರ ಅರ್ಜಿ ಯಾವಾಗ, ಎಲ್ಲಿ ಅನ್ನೋದನ್ನು ಸಂಘದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿ ಹೇಳೋಕೆ ಯಾವ ಕೋರ್ಟ್ ಆದೇಶವೂ ಬೇಡ.

ಬೆಂಗಳೂರಿನ ಸಂಘದಲ್ಲಿ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದ ವಕೀಲರಿಗೂ ಮೀಸಲು ಬೇಕು ಅಂತ 2025ರಲ್ಲೇ ಅರ್ಜಿಗಳು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದವು. ಮಹಿಳೆಯರಿಗೆ ಸಿಕ್ಕಂಥ ಆದೇಶ ಆ ಚುನಾವಣೆಗೆ ಸಿಗಲಿಲ್ಲ. ಅಂಕಿ-ಅಂಶ ಎಲ್ಲಿದೆ ಅನ್ನೋ ಪ್ರಶ್ನೆ ಎದ್ದಿತು. ಇದು ನನ್ನಂಥವನಿಗೆ ಅರ್ಥ ಆಗುವ ಪ್ರಶ್ನೆ. ಲೆಕ್ಕ ಇಡದ ಸಂಘದಲ್ಲಿ ಯಾರು ಇಲ್ಲ ಅನ್ನೋದೇ ಕಾಣೋದಿಲ್ಲ. ಸುರಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು, ಹಾಗಾಗಿ ಎಂಎಲ್‌ಎ ಯಾವ ಸಮುದಾಯದವರು ಅಂತ ಎಲ್ಲರಿಗೂ ಗೊತ್ತು. ಊರಿನ ವೃತ್ತಿ ಸಂಘಗಳ ಪದಾಧಿಕಾರಿಗಳ ಹಳೇ ಬೋರ್ಡ್ ಮೇಲಿನ ಹೆಸರುಗಳನ್ನು ಒಮ್ಮೆ ನಿಂತು ಓದಿ. ವಕೀಲರದ್ದು ಮಾತ್ರ ಅಲ್ಲ, ಡಾಕ್ಟರು, ಎಂಜಿನಿಯರು, ಗುತ್ತಿಗೆದಾರರು, ಪತ್ರಕರ್ತರು, ನಮ್ಮ ಲೆಕ್ಕದವರು, ಯಾರದ್ದಾದರೂ ಸರಿ. ಓದಿ ಮುಗಿಸಿದ ಮೇಲೆ ಬಿಟ್ಟು ಹೋದದ್ದು ಯಾರು ಅಂತ ನೀವೇ ಹೇಳಿ.

ಮತ್ತೆ ಅದೇ ಬಸ್ಸು

ಯಾದಗಿರಿ ಜಿಲ್ಲೆ ಆದ ಮೇಲೆ ಕಲಬುರಗಿಗೆ ಅಲೆಯೋದು ಕಡಿಮೆ ಆಯ್ತು, ಅದು ದೊಡ್ಡ ಅನುಕೂಲ. ಆದರೆ ಜಿಲ್ಲಾ ಮಟ್ಟದ ಸಭೆ ಅಂದರೆ ಈಗ ಯಾದಗಿರಿ. ಸುರಪುರದವರು ಶಹಾಪುರ ದಾಟಿ, ಭೀಮಾ ದಾಟಿ ಬರಬೇಕು. ರೈಲು ಇರೋದು ಯಾದಗಿರಿಗೆ ಮಾತ್ರ, ಶಹಾಪುರಕ್ಕೂ ಇಲ್ಲ, ಸುರಪುರಕ್ಕೂ ಇಲ್ಲ. ಬಸ್ಸಿನ ಟೈಮಿಗೆ ಸಭೆಯ ಟೈಮು ಹೊಂದದಿದ್ದರೆ ಬೈಲಾದಲ್ಲಿ ಏನು ಬರೆದರೂ ಪ್ರಯೋಜನ ಇಲ್ಲ.

ಸುಪ್ರೀಂ ಕೋರ್ಟಿನ ಆದೇಶ ಹೇಳಿದ್ದು ಜಿಲ್ಲಾ ವಕೀಲರ ಸಂಘಗಳ ಬಗ್ಗೆ. ಬೇರೆ ವೃತ್ತಿಯವರು ಹಂಗೊಂದು ಆದೇಶ ಬರಲಿ ಅಂತ ಕಾಯಬೇಕಿಲ್ಲ. ಸಂಘ ನೋಂದಣಿ ಆಗಿದ್ದರೆ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದಬಹುದು.

ನಮ್ಮ ಸಂಘದ ಕಥೆ ಏನಾಯ್ತು ಅಂತೀರಾ? ಸಭೆ ಎರಡನೇ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇಡೋಣ ಅಂತ ನಾನು ಹೇಳಿದೆ. ಒಂದಿಬ್ಬರು ನಕ್ಕರು. ಒಬ್ಬ ಹಿರಿಯರು, "ಆತು, ಒಂದ್ಸಲ ಇಟ್ಟು ನೋಡೋಣು" ಅಂದರು. ಇಟ್ಟೆವು. ಇಬ್ಬರು ಬಂದರು. ಬಂದವರಲ್ಲಿ ನನ್ನ ಪುಸ್ತಕ ಓದಿದ ಅಕ್ಕಾರೂ ಇದ್ದರು. ಅವರು ಕೇಳಿದ ಮೊದಲ ಪ್ರಶ್ನೆ, ಹಿಂದಿನ ಮೂರು ವರ್ಷದ ಖರ್ಚಿನ ಲೆಕ್ಕ ಎಲ್ಲಿದೆ ಅಂತ. ಹಾಲ್ ಸುಮ್ಮನಾಯಿತು. ಲೆಕ್ಕ ಮಾಡೋರ ಸಂಘದಲ್ಲೇ ಲೆಕ್ಕ ಇರಲಿಲ್ಲ! ನಾನು ಆ ಸಂಘ ಬಿಡುವ ತನಕ ಆ ಪ್ರಶ್ನೆಗೆ ಪೂರ್ತಿ ಉತ್ತರ ಬರಲಿಲ್ಲ. ಆದರೆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಯಿತು. ಬರೆದದ್ದು ನಾನೇ. ಈ ಸಲ ಪುಸ್ತಕವನ್ನು ಅವರ ಮುಂದೆ ಹಿಡಿದು, "ಸರಿ ಬರ್ದೀನೇನ್ರಿ ಅಕ್ಕಾರ?" ಅಂತ ಕೇಳಿ ಬರೆದೆ.

ಸುರಪುರ ತಾಲ್ಲೂಕಿನ ಮುದನೂರು ದೇವರ ದಾಸಿಮಯ್ಯನ ಊರು. ಒಳಗಿರೋ ಆತ್ಮಕ್ಕೆ ಹೆಣ್ಣು-ಗಂಡು ಅನ್ನೋ ಭೇದ ಎಲ್ಲಿದೆ ಅಂತ ಆ ನೇಕಾರ ನಮ್ಮ ನೆಲದಲ್ಲೇ ಕೇಳಿ ಹೋದ. ಸುಮಾರು ಸಾವಿರ ವರ್ಷ ಆಯ್ತು. ನಾವಿನ್ನೂ ಸಭೆ ಎಷ್ಟೊತ್ತಿಗೆ ಇಡಬೇಕು ಅನ್ನೋದರಲ್ಲೇ ಇದ್ದೀವಿ.

ನಿಮ್ಮ ಊರಿನ, ನಿಮ್ಮ ವೃತ್ತಿಯ ಸಂಘದ ಮುಂದಿನ ಸಭೆ ಯಾವಾಗ? ನೋಟಿಸ್ ಬಂದಾಗ ಒಂದೇ ಒಂದು ಕೆಲಸ ಮಾಡಿ. ಬರದೇ ಇರೋರಿಗೆ ಒಂದು ಫೋನ್ ಹಚ್ಚಿ ಕೇಳಿ, ನಿಮ್ಮೂರಿಗೆ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ. ಅವರು ಏನಂದರು ಅನ್ನೋದನ್ನು ನನಗೂ ಹೇಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.